ಮನೆಯೇ ಆಫೀಸು, ಕೆಲಸಕ್ಕೆ ಹೊತ್ತು ಗೊತ್ತಿಲ್ಲ

2020ರ ಮಾರ್ಚ್ ಲಾಕ್‌ಡೌನ್ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ ಬೆಂಗಳೂರಿನ ಐಟಿ ಹುಡುಗರು, 2021ರ ಎರಡನೇ ಅಲೆಯ ಮಳೆಗಾಲದಲ್ಲೂ ಸಾಗರ, ಹೊಸನಗರ ಕಡೆ ಮನೆಯಿಂದಲೇ ಕೆಲಸ ಮಾಡ್ತಿದ್ದರು. ಅಮ್ಮನ ಕೈ ಅಡುಗೆ, ತೋಟದ ಗಾಳಿ, ಇನ್ನೇನು ಬೇಕು ಅಂತ ಅಕ್ಕಪಕ್ಕದವರ ಮಾತು. ಅಸಲಿ ಕಥೆ ಬೇರೆ.

ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಿತ್ತು. ಕರೆಂಟ್ ಹೋದರೆ ಹಗಲಿನ ಕೆಲಸ ರಾತ್ರಿಗೆ ಬೀಳುತ್ತಿತ್ತು. ಮಂಚದ ಮೇಲೆ, ಜಗಲಿಯಲ್ಲಿ ಬಗ್ಗಿ ಕೂತು ಸೊಂಟ, ಕುತ್ತಿಗೆ ಹಿಡಿದಿತ್ತು. 'ಮನೇಲೇ ಇದ್ದೀಯಲ್ಲ, ಪೇಟೆಗೆ ಹೋಗಿ ಬಾ' ಎನ್ನುವ ಅಪ್ಪನಿಗೆ ಮೀಟಿಂಗ್ ಕಾಣದು, ಮ್ಯಾನೇಜರಿಗೆ ಮನೆ ಕಾಣದು. ಹೆಣ್ಣುಮಕ್ಕಳಿಗಂತೂ ಅಡುಗೆಮನೆಯೂ ಸೇರಿ ಡಬಲ್ ಡ್ಯೂಟಿ.

ಯೋಗ ಮಾಡಿ ಎಂಬ ಉಪದೇಶ ಆಮೇಲಿರಲಿ. ಮೊದಲು ಕೆಲಸ ಮುಗಿಸುವ ಹೊತ್ತು ಗೊತ್ತಾಗಬೇಕು, ಅದನ್ನು ಕಂಪನಿಯೂ ಮನೆಯವರೂ ಒಪ್ಪಬೇಕು. ಮೇಜು, ಬೆನ್ನಿಗೆ ಆಸರೆ ಕೊಡುವ ಕುರ್ಚಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ, ಇಷ್ಟು ಮನೆಯಲ್ಲೇ ಆಗುತ್ತೆ. ನಿದ್ದೆ ಕೆಟ್ಟು, ಯಾರ ಜೊತೆಗೂ ಮಾತೇ ಬೇಡ ಅನಿಸಿದರೆ ಸಹಾಯವಾಣಿಗೆ ಕರೆ ಮಾಡಬಹುದು. ಆ ಕರೆಗೂ ಗುಡ್ಡ ಹತ್ತಬೇಕಾದ ಹಳ್ಳಿಗಳಿವೆ. ಟವರ್ ಬೇಡಿಕೆಯನ್ನು ಇನ್ನಾದರೂ ಆರೋಗ್ಯದ ವಿಷಯ ಅಂತ ನೋಡಬೇಕು.