ಹೊಲ ಕಾಯುವ ನಾಯಿಯನ್ನು ಬೆಳಗಿನವರೆಗೆ ಕಾಯಿಸಬೇಡಿ



ಕಳೆದ ಮಳೆಗಾಲದಲ್ಲಿ ನಮ್ಮ ಗುರುನಿವಾಸದ ನಾಯಿ ಕರಿಯ ಸತ್ತಿತು. ನಿಮ್ಮಲ್ಲಿ ಅನೇಕರು ಬಂದು ವಿಚಾರಿಸಿದಿರಿ. "ವಯಸ್ಸಾಗಿತ್ತು" ಎಂದು ಹೇಳಿ ಸುಮ್ಮನಾದೆ. ಅದು ಪೂರ್ತಿ ನಿಜವಲ್ಲ.

ಅಂದು ರಾತ್ರಿ ಎಂಟರ ಹೊತ್ತಿಗೆ ಅದು ಬಾಳೆತೋಟದ ಕಡೆಯಿಂದ ಕುಂಟುತ್ತಾ ಬಂತು. ಮುಂಗಾಲು ಊದಿತ್ತು. ಹಾವು ಮುಟ್ಟಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಒಬ್ಬರು ಬೇವಿನ ಸೊಪ್ಪು ಅರೆದು ತಂದರು, ಇನ್ನೊಬ್ಬರು ಕಾಲಿಗೆ ಹಗ್ಗ ಬಿಗಿದರು. ನಾನು, "ಬೆಳಿಗ್ಗೆ ಡಾಕ್ಟರನ್ನು ಕರೆದರಾಯಿತು" ಎಂದೆ. ಬೆಳಗಿನ ಪೂಜೆಯ ಗಂಟೆ ಹೊಡೆಯುವ ಮುನ್ನವೇ ಅದರ ಪ್ರಾಣ ಹೋಗಿತ್ತು. ಜೀಪು ಬಾಗಿಲಲ್ಲೇ ನಿಂತಿತ್ತು. ಚಾಮರಾಜನಗರದಲ್ಲಿ ಯಾರಾದರೂ ಪಶುವೈದ್ಯರು ಸಿಗುತ್ತಾರೆಯೇ ಎಂದು ಒಂದು ಫೋನು ಮಾಡುವಷ್ಟನ್ನೂ ನಾನು ಮಾಡಲಿಲ್ಲ.

ನಮ್ಮ ತಾಳವಾಡಿ ಸೀಮೆಯಲ್ಲಿ ನಾಯಿ ಶೋಕಿಗೆ ಸಾಕುವ ಪ್ರಾಣಿಯಲ್ಲ. ರಾಗಿ, ಅರಿಶಿನ, ಬಾಳೆಯ ಹೊಲಕ್ಕೆ ಆನೆ, ಹಂದಿ ಇಳಿದರೆ ಮೊದಲು ಕೂಗುವುದು ಅದೇ. ಚಿರತೆಯ ಬಾಯಿಗೆ ಮೊದಲು ಸಿಗುವುದೂ ಅದೇ. ಇಂಥ ಜೀವಕ್ಕೆ ಅಪಾಯ ಬಂದಾಗ "ಬೆಳಗಾಗಲಿ ನೋಡೋಣ" ಎನ್ನುವ ಮಾತೇ ಅದನ್ನು ಕೊಲ್ಲುತ್ತದೆ. ಆಪತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಆಪತ್ತು ಬರುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಇದು ನನ್ನ ಅಭಿಪ್ರಾಯ.

ಮೊದಲನೆಯದು ದಾರಿ. ಸತ್ಯಮಂಗಲಕ್ಕೆ ಇಳಿಯಲು ದಿಂಬಂ ಘಾಟಿಯ 27 ತಿರುವುಗಳಿವೆ. 2022ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಆದ್ದರಿಂದ ರಾತ್ರಿಯ ಹೊತ್ತು ಗಡಿಯಾಚೆಯ ಚಾಮರಾಜನಗರವೇ ನಮಗೆ ಹತ್ತಿರ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962 ಎಂಬ ಉಚಿತ ಸಂಖ್ಯೆ ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಇದೆ. ಅದು ನಿಮ್ಮ ಊರಿಗೆ ಯಾವ ವೇಳೆಯಲ್ಲಿ ಬರುತ್ತದೆ ಎಂದು ಇಂದೇ ಕೇಳಿಟ್ಟುಕೊಳ್ಳಿ. ಗಡಿಯ ಈಚೆಗೊಬ್ಬರು, ಆಚೆಗೊಬ್ಬರು ಪಶುವೈದ್ಯರ ನಂಬರು, ರಾತ್ರಿ ಗಾಡಿ ಹೊರಡಿಸಬಲ್ಲ ಒಬ್ಬರ ನಂಬರು, ಇಷ್ಟನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಿ.

ಎರಡನೆಯದು ಮೊದಲ ಅರ್ಧ ಗಂಟೆ. ಹಾವು ಮುಟ್ಟಿದ್ದರೆ ನಾಯಿಯನ್ನು ನಡೆಸಬೇಡಿ. ಗೋಣಿಚೀಲದ ಮೇಲೆ ಮಲಗಿಸಿ ಎತ್ತಿಕೊಂಡು ಹೋಗಿ. ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು, ಎಣ್ಣೆ ಕುಡಿಸುವುದು ಬೇಡ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಕೆಲಸ ಮಾಡುತ್ತದೆ. ಬೇಗ ಕೊಟ್ಟಷ್ಟೂ ಒಳ್ಳೆಯದು. ನೋವಿನಲ್ಲಿರುವ ನಾಯಿ ಸಾಕಿದವರನ್ನೇ ಕಚ್ಚಬಹುದು. ಬಟ್ಟೆಯ ಪಟ್ಟಿಯಿಂದ ಬಾಯಿ ಕಟ್ಟಿ. ಆದರೆ ವಾಂತಿ ಮಾಡುತ್ತಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ಕಟ್ಟಬಾರದು.

ವಿಷ ತಿಂದಿದ್ದರೆ ಅದರ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋದರೆ ಅದು ಶ್ವಾಸಕೋಶಕ್ಕೆ ಇಳಿದೀತು. ಬ್ರೋಮಾಡಿಯೋಲೋನ್ ಎಂಬ ಇಲಿ ಬಿಲ್ಲೆ ತಿಂದ ನಾಯಿ ಎರಡು ಮೂರು ದಿನ ಚೆನ್ನಾಗಿಯೇ ಇದ್ದು ಆಮೇಲೆ ರಕ್ತಸ್ರಾವವಾಗಿ ಸಾಯುತ್ತದೆ. ಅದಕ್ಕೆ ವಿಟಮಿನ್ ಕೆ1 ಎಂಬ ಮದ್ದಿದೆ. ಆದರೆ ನಾಯಿ ಚೆನ್ನಾಗಿ ಕಾಣುವಾಗಲೇ ಡಾಕ್ಟರ ಬಳಿ ಹೋಗಬೇಕು. ಜಿಂಕ್ ಫಾಸ್ಫೈಡ್ ತಿಂದದ್ದು ವಾಂತಿ ಮಾಡಿದರೆ ಹೊರಡುವ ಗಾಳಿ ನಮಗೂ ವಿಷ. ಅಂಥ ನಾಯಿಯನ್ನು ಮುಚ್ಚಿದ ಕೋಣೆಯಲ್ಲಿ ಇಡಬೇಡಿ.

ಇನ್ನೊಂದು ಎಚ್ಚರಿಕೆ. ನಾಯಿಗೆ ನುಂಗಲು ಆಗದೆ, ದವಡೆ ಜೋತು, ಕೂಗು ಬದಲಾಗಿ, ಜೊಲ್ಲು ಸುರಿಯುತ್ತಿದ್ದರೆ ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಕೈ ಹಾಕಬೇಡಿ. ಅದು ಹುಚ್ಚುರೋಗ ಇರಬಹುದು. ಕಚ್ಚಿದ್ದರೆ ಅಥವಾ ಜೊಲ್ಲು ಗಾಯಕ್ಕೆ ತಾಗಿದ್ದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ರೋಗ ಕಾಣಿಸಿಕೊಂಡ ಮೇಲೆ ಮನುಷ್ಯರಿಗೂ ಉಳಿಗಾಲವಿಲ್ಲ. ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದು ನಮ್ಮ ಮಕ್ಕಳನ್ನು ಕಾಪಾಡುವ ಕೆಲಸವೂ ಹೌದು.

"ಫಾದರ್, ಮನುಷ್ಯರ ಔಷಧಿಗೇ ದುಡ್ಡಿಲ್ಲ, ನಾಯಿಗೆಲ್ಲಿಂದ ತರೋಣ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1992ರ ಕಥೋಲಿಕ ಧರ್ಮೋಪದೇಶವೂ ಎರಡು ಮಾತು ಹೇಳುತ್ತದೆ: ಪ್ರಾಣಿಗಳನ್ನು ವೃಥಾ ನರಳಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲ, ಮನುಷ್ಯರ ಕಷ್ಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ತಕ್ಕುದಲ್ಲ. ಆದ್ದರಿಂದ ಸಾಲ ಮಾಡಿ ಎನ್ನುವುದಿಲ್ಲ. ನಿಮ್ಮ ಕೈಲಾದದ್ದು ಎಷ್ಟು ಎಂದು ಮನೆಯವರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳಿ. ಉಳಿಯುವ ಆಸೆ ಇಲ್ಲವೆಂದು ಡಾಕ್ಟರು ಹೇಳಿದರೆ ನೋವಿಲ್ಲದ ಸಾವು ಕೊಡಿಸಿ. ದೊಣ್ಣೆಯಿಂದ ಹೊಡೆಯುವುದು, ಕಾಡಿನ ಅಂಚಿನಲ್ಲಿ ಬಿಟ್ಟು ಬರುವುದು ಮಾತ್ರ ಬೇಡ. ಮಕ್ಕಳು ಅದನ್ನು ನೋಡುತ್ತಾರೆ, ಮರೆಯುವುದಿಲ್ಲ. ಅವರು ಅತ್ತರೆ "ನಾಯಿಗೋಸ್ಕರ ಅಳ್ತೀಯಾ?" ಎಂದು ಗದರಬೇಡಿ.

ನನ್ನ ಪಾಲಿನ ಕೆಲಸ ನಾನು ಮಾಡಿದ್ದೇನೆ. ನಂಬರುಗಳನ್ನು ದೇವಾಲಯದ ಫಲಕದಲ್ಲಿ ಬರೆಸಿದ್ದೇನೆ. ರಾತ್ರಿ ಎಷ್ಟು ಹೊತ್ತಾದರೂ ಸರಿ, ಗುರುನಿವಾಸದ ಬಾಗಿಲು ತಟ್ಟಿ. ಜೀಪು ಇದೆ, ನಾನೇ ಓಡಿಸುತ್ತೇನೆ.