ಬೆನ್ನಿಗೊಂದು ಚೀಲ, ಗೂಟಕ್ಕೊಂದು ಚೀಲ



ಈ ಸಲ ಅಡಿಗೆಮನೆಯಿಂದ ಸ್ವಲ್ಪ ಹೊರಗೆ, ಜಗುಲಿಯ ಗೂಟದ ಹತ್ತಿರ ಬನ್ನಿ. ಅಲ್ಲಿ ಏನೇನು ನೇತಾಡುತ್ತಿದೆ ನೋಡಿ. ಯಜಮಾನರ ಕೊಡೆ, ಮಾವನವರ ಕಂಬಳಿ, ಮಕ್ಕಳ ಶಾಲೆಯ ಚೀಲ. ಇವತ್ತು ಆ ಚೀಲದ್ದೇ ನಾಲ್ಕು ಮಾತು. "ಚೀಲದ ಬಗ್ಗೆ ಬರೆಯೋಕೆ ಏನಿದೆ?" ಅಂತ ಮೂಗು ಮುರಿಯಬೇಡಿ. ಪೂರ್ತಿ ಓದಿ, ಆಮೇಲೆ ಹೇಳಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನಮ್ಮ ಹಿಂದಿನವರು ಹೊರೆಯನ್ನೆಲ್ಲ ತಲೆಯ ಮೇಲೇ ಹೊತ್ತರು. ಬೆಟ್ಟದಿಂದ ಸೊಪ್ಪು, ತೋಟದಿಂದ ಅಡಿಕೆ ಕೊನೆ, ಎಲ್ಲವೂ ತಲೆಯ ಮೇಲೆ. ಅದನ್ನು ಹಿಡಿಯಲು ಒಂದು ಕೈ ಬೇಕೇ ಬೇಕು. ಬೆನ್ನುಚೀಲದ ಹೆಚ್ಚುಗಾರಿಕೆ ಇಲ್ಲೇ ಇದೆ. ಎರಡೂ ಕೈ ಖಾಲಿ! ಒಂದರಲ್ಲಿ ಕೊಡೆ, ಇನ್ನೊಂದರಲ್ಲಿ ಮಗುವಿನ ಕೈ. ಮಳೆಗಾಲದಲ್ಲಿ ಸಂಕ ದಾಟುವ ತಾಯಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು?

ಇಂಗ್ಲಿಷಿನವರು 'ರಕ್‌ಸ್ಯಾಕ್' ಅನ್ನುವುದು ಜರ್ಮನ್ ಭಾಷೆಯಿಂದ ಬಂದ ಮಾತು. ಅರ್ಥ ಬೆನ್ನಿನ ಚೀಲ ಅಂತಲೇ. ನಮ್ಮ ಸೈನಿಕರ ಬಾಯಲ್ಲಿ ಅದು 'ಪಿಟ್ಠು'. ಹಿಂದಿಯಲ್ಲಿ 'ಪೀಠ್' ಅಂದರೂ ಬೆನ್ನೇ. ನೋಡಿ, ಎಲ್ಲಿಯ ಜರ್ಮನಿ, ಎಲ್ಲಿಯ ಹಿಂದಿ! ಬೆನ್ನಿಗೆ ಬಂದದ್ದು ಎಲ್ಲರಿಗೂ ಒಂದೇ.

ನನ್ನ ಅಣ್ಣನ ಮಗ ಸೈನ್ಯದಲ್ಲಿದ್ದಾನೆ. ಒಮ್ಮೆ ಆಷಾಢದಲ್ಲಿ ರಜೆಯ ಮೇಲೆ ಬಂದಿದ್ದ. ರಾತ್ರಿ ಊಟಕ್ಕೆ ಕೂತಾಗ ಕರೆಂಟು ಹೋಯಿತು. ನಾವು ಹೆಂಗಸರೆಲ್ಲ ಬೆಂಕಿಪೆಟ್ಟಿಗೆಗೆ ಕತ್ತಲಲ್ಲಿ ತಡಕಾಡುತ್ತಿದ್ದರೆ, ಅವನು ತನ್ನ ಚೀಲದ ಬದಿಯ ಜೇಬಿಗೆ ಕೈಹಾಕಿ ಟಾರ್ಚು ತೆಗೆದೇ ಬಿಟ್ಟ. "ಅದೆಂತಾ ತಮಾ, ಕತ್ಲೆಲ್ಲೂ ಕಾಣ್ತಾ ನಿಂಗೆ?" ಅಂದೆ. ನಕ್ಕುಬಿಟ್ಟ. "ಅತ್ತೆ, ಹುಡುಕ್ತಾ ಕೂತ್ರೆ ಯಂಗಳ ಕೆಲ್ಸ ನಡೀತಿಲ್ಲೆ. ಒಂದೊಂದು ಸಾಮಾನಿಗೂ ಒಂದೊಂದು ಜಾಗ" ಅಂದ.

1999ರ ಕಾರ್ಗಿಲ್ ಯುದ್ಧದಲ್ಲಿ 16 ಸಾವಿರ ಅಡಿಗೂ ಎತ್ತರದ ಟೈಗರ್ ಹಿಲ್‌ನಂಥ ಶಿಖರಗಳನ್ನು ನಮ್ಮ ಹುಡುಗರು ರಾತ್ರಿಯಲ್ಲಿ ಹತ್ತಿದರು. ಉಸಿರಾಡಲೂ ಕಷ್ಟವಾದ ಆ ಜಾಗದಲ್ಲಿ ಗುಂಡು, ನೀರು, ಆಹಾರ ಎಲ್ಲವನ್ನೂ ಬೆನ್ನ ಮೇಲೇ ಸಾಗಿಸಬೇಕು. ಅಂಥಲ್ಲಿ ಬೇಡದ ಒಂದು ಸಾಮಾನೂ ಶತ್ರುವೇ ಸರಿ.

ಚೀಲ ತುಂಬುವ ಕ್ರಮವನ್ನೂ ಅವನೇ ನಮಗೆ ಕಲಿಸಿದ. ಹಗುರವಾದ ಬಟ್ಟೆಬರೆ ಅಡಿಗೆ. ಭಾರದ್ದು ನಡುವೆ, ಬೆನ್ನಿಗೆ ಒತ್ತಿಕೊಂಡಂತೆ. ಭಾರ ಬೆನ್ನಿನಿಂದ ದೂರ ಹೋದಷ್ಟೂ ಅದು ನಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ನಾವು ಮುಂದಕ್ಕೆ ಬಾಗುತ್ತೇವೆ, ಸೊಂಟ ಹಿಡಿಯುತ್ತದೆ. ತಕ್ಷಣ ಬೇಕಾಗುವ ಮಳೆಕೋಟು, ಔಷಧ ಮೇಲೆ ಅಥವಾ ಜೇಬಿನಲ್ಲಿ. ಎರಡೂ ಪಟ್ಟಿ ಹೆಗಲಿಗೆ ಹಾಕಬೇಕು, ಒಂದೇ ಹೆಗಲಿಗೆ ನೇತುಹಾಕುವುದಲ್ಲ. ಬೆಂಗಳೂರಿಗೆ ಮಗಳ ಮನೆಗೆ ಹೊರಟಾಗಲೂ ಇದೇ ಕ್ರಮ. ಮಿಡಿ ಉಪ್ಪಿನಕಾಯಿಯ ಡಬ್ಬ ನಡುವೆ, ತೊಡದೇವು ಎಲ್ಲಕ್ಕಿಂತ ಮೇಲೆ. ತೊಡದೇವಿನ ಮೇಲೆ ಬೆಲ್ಲದ ಡಬ್ಬ ಇಟ್ಟರೆ ಮಗಳಿಗೆ ಸಿಗುವುದು ಪುಡಿ ಮಾತ್ರ!

ಈಗ ಮಕ್ಕಳ ಚೀಲಕ್ಕೆ ಬರೋಣ. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಶಾಲಾ ಚೀಲದ ಭಾರಕ್ಕೆ ಮಿತಿ ಹಾಕಿ ಸುತ್ತೋಲೆ ಹೊರಡಿಸಿತು. 1-2ನೇ ತರಗತಿಗೆ ಒಂದೂವರೆಯಿಂದ 2 ಕಿಲೋ, 3ರಿಂದ 5ನೇ ತರಗತಿಗೆ 2ರಿಂದ 3 ಕಿಲೋ, 6ರಿಂದ 8ಕ್ಕೆ 3ರಿಂದ 4, 9-10ಕ್ಕೆ 4ರಿಂದ 5 ಕಿಲೋ. ಸುಲಭವಾಗಿ ನೆನಪಿಡಬೇಕೆಂದರೆ, ಚೀಲ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಬಾರದು. 25 ಕಿಲೋದ ಮಗುವಿಗೆ ಎರಡೂವರೆ ಕಿಲೋ, ಅಷ್ಟೆ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲಿದ್ದರೆ ಒಂದು ದಿನ ಮಗುವಿನ ಚೀಲವನ್ನೂ ತೂಗಿ ನೋಡಿ. ಎದೆ ಧಸಕ್ಕೆನ್ನುತ್ತದೆ. ಒಂದು ಲೀಟರು ನೀರೆಂದರೇ ಒಂದು ಕಿಲೋ. ಶಾಲೆಯಲ್ಲಿ ಒಳ್ಳೆಯ ನೀರಿದ್ದರೆ ಬಾಟಲಿ ಅರ್ಧ ತುಂಬಿ ಕಳಿಸಿ. ವೇಳಾಪಟ್ಟಿ ನೋಡಿ ಅಂದಿನ ಪುಸ್ತಕ ಮಾತ್ರ ಹಾಕುವ ಅಭ್ಯಾಸವನ್ನು ರಾತ್ರಿಯೇ ಮಾಡಿಸಿ.

ಬೆಟ್ಟಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2024ರಲ್ಲಿ ಸಿದ್ದಾಪುರದ ಕಡೆಯವರನ್ನು ಅದು ಬಹಳ ಕಾಡಿತು. ಈ ರೋಗ ಹರಡುವುದು ಉಣುಗಿನಿಂದ. ಆದ್ದರಿಂದ ಚೀಲವನ್ನು ತರಗೆಲೆಯ ಮೇಲೆ ಇಡಬೇಡಿ, ಕೊಂಬೆಗೆ ನೇತುಹಾಕಿ. ಮನೆಗೆ ಬಂದಮೇಲೆ ಚೀಲವನ್ನು ಅಂಗಳದಲ್ಲೇ ಕೊಡವಿ, ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ. ಆಮೇಲೆ ಜ್ವರ ಬಂದರೆ ಕಷಾಯ ಕುಡಿದು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇನ್ನು, ನಾನು ಹೇಳಲೇಬೇಕೆಂದಿದ್ದ ಮಾತು. 2021ರ ಜುಲೈ ತಿಂಗಳ ಮಳೆ ನೆನಪಿದೆಯಲ್ಲ? ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ-ರಸ್ತೆ ಮಣ್ಣುಪಾಲಾಯಿತು. ಗುಳ್ಳಾಪುರದ ಸೇತುವೆ ಗಂಗಾವಳಿಯಲ್ಲಿ ಕೊಚ್ಚಿಹೋಯಿತು. ಆ ಮಳೆಯಲ್ಲಿ ನಮ್ಮ ನೆಂಟರಲ್ಲಿ ಒಬ್ಬ ಅತ್ತಿಗೆಯೂ ಮನೆ ಬಿಟ್ಟು ಹೊರಡಬೇಕಾಯಿತು. ಅವಸರದಲ್ಲಿ ಕೈಗೆ ಸಿಕ್ಕಿದ್ದು ಮಗಳ ಮದುವೆಯ ರೇಷ್ಮೆ ಸೀರೆ. ಬಿಪಿ ಮಾತ್ರೆ, ಕನ್ನಡಕ, ಪಾಸ್‌ಬುಕ್ಕು ಎಲ್ಲ ಒಳಗೇ ಉಳಿದವು. ಎರಡು ದಿನ ಮಾತ್ರೆಯಿಲ್ಲದೆ ತಲೆ ತಿರುಗಿ ಮಲಗಿಬಿಟ್ಟಿದ್ದರು. "ಸೀರೆ ತಂದಿ ಮಾರಾಯ್ತಿ, ಜೀವ ಬಿಟ್ಟಿಕ್ಕೆ ಬಂದಿ" ಅಂತ ಈಗ ನಗುತ್ತಾರೆ. ಅವತ್ತು ನಗುವಂತಿರಲಿಲ್ಲ.

ಈ ಸಂಗತಿ ಕೇಳಿದ ನನ್ನ ಅಣ್ಣನ ಮಗ ಮುಂದಿನ ರಜೆಯಲ್ಲಿ ತನ್ನದೊಂದು ಹಳೆಯ ಚೀಲವನ್ನು ಅವರ ಬಾಗಿಲ ಬಳಿಯ ಗೂಟಕ್ಕೆ ನೇತುಹಾಕಿ ಬಂದ. ನನ್ನ ಮನೆಯಲ್ಲೂ ಈಗ ಅಂಥದೊಂದು ಇದೆ. ನಿಮ್ಮಲ್ಲೂ ಇರಲಿ. ಮಕ್ಕಳು ಬಿಟ್ಟ ಹಳೆಯ ಚೀಲವಾದರೂ ಸಾಕು, ಪಟ್ಟಿಯ ಹೊಲಿಗೆಯನ್ನು ಇನ್ನೊಮ್ಮೆ ಗಟ್ಟಿ ಮಾಡಿಕೊಳ್ಳಿ. ಅದರಲ್ಲಿ ಇಡಬೇಕಾದದ್ದು ಇಷ್ಟು:

ಒಂದು ವಾರದ ಮಾತ್ರೆಗಳು, ವೈದ್ಯರ ಚೀಟಿ, ಹಳೆಯ ಕನ್ನಡಕ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಪಹಣಿಯ ಜೆರಾಕ್ಸ್ ಪ್ರತಿಗಳು. ಟಾರ್ಚು, ಬೆಂಕಿಪೆಟ್ಟಿಗೆ, ಮೊಬೈಲಿನ ಚಾರ್ಜರು. ಸ್ವಲ್ಪ ನಗದು, ಚಿಲ್ಲರೆಯೂ ಇರಲಿ. ಒಂದು ಜೊತೆ ಬಟ್ಟೆ, ಟವೆಲು, ತಿಂಗಳಿನ ದಿನಗಳಿಗೆ ಬೇಕಾದ ಬಟ್ಟೆ. ಅವಲಕ್ಕಿ, ಬೆಲ್ಲ, ಒಂದು ಬಾಟಲಿ ನೀರು. ನೆಂಟರಿಷ್ಟರ ಫೋನ್ ನಂಬರನ್ನು ಕಾಗದದ ಮೇಲೆ ಬರೆದಿಡಿ. ಮೊಬೈಲು ಸತ್ತರೆ ನಂಬರು ಯಾರಿಗೆ ಬಾಯಿಪಾಠ? ತುರ್ತಿನ 112ನ್ನೂ ದೊಡ್ಡದಾಗಿ ಬರೆಯಿರಿ.

ನಮ್ಮ ಮಳೆಗೆ ಯಾವ ಚೀಲವೂ ತಡೆಯೋದಿಲ್ಲ, ಹೊಲಿಗೆಯಲ್ಲಿ ನೀರು ಇಳಿದೇ ಇಳಿಯುತ್ತದೆ. ಹಾಗಾಗಿ ಚೀಲದೊಳಗೆ ದಪ್ಪ ಪ್ಲಾಸ್ಟಿಕ್ ಕವರು ಹಾಕಿ, ಅದರೊಳಗೆ ಸಾಮಾನು ಇಟ್ಟು ಬಾಯಿ ಕಟ್ಟಿ. ಜಿಪ್ಪು ಹಿಡಿದುಕೊಂಡರೆ ಮೇಣದಬತ್ತಿ ಉಜ್ಜಿ. ಬೂಸಲು ಬರದಂತೆ ಆಗಾಗ ಖಾಲಿ ಮಾಡಿ ಬಚ್ಚಲೊಲೆಯ ಹತ್ತಿರ ಒಣಗಿಸಿ. ಪ್ರತಿ ತಿಂಗಳ ಮೊದಲ ದಿನ ಮಾತ್ರೆಯ ತಾರೀಕು ನೋಡಿ, ಅವಲಕ್ಕಿ, ನೀರು ಬದಲಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ಚೀಲ ಎಲ್ಲಿದೆ ಅಂತ ಮನೆಯವರಿಗೆಲ್ಲ ಗೊತ್ತಿರಲಿ. ಮಾವನವರಿಗೂ, ಮೂರನೇ ಕ್ಲಾಸಿನ ಕೂಸಿಗೂ.

ದೇವರ ದಯೆಯಿಂದ ಆ ಚೀಲ ಗೂಟ ಬಿಟ್ಟು ಇಳಿಯದೇ ಇರಲಿ. ಆದರೂ ಗೂಟ ಖಾಲಿ ಇರಬಾರದು. ಈ ಭಾನುವಾರ ಮಧ್ಯಾಹ್ನದ ಊಟದ ಪಾತ್ರೆ ತೊಳೆದಮೇಲೆ ಅರ್ಧ ಗಂಟೆ ಇದಕ್ಕೆಂದೇ ಇಟ್ಟುಕೊಳ್ಳಿ. ಏನಂತೀರಿ?