ಅಳಿವೆಗಳ ದಾರಿ

ದಸರೆಯ ರಜೆ ಹತ್ತಿರ ಬಂದಿತೆಂದರೆ ಮುಂಡಾಜೆಯಲ್ಲಿ ಮನೆಯುಳ್ಳ ನನ್ನಂಥವರಿಗೆ ಸಂಬಳವಿಲ್ಲದ ಉದ್ಯೋಗವೊಂದು ಒದಗಿಬರುತ್ತದೆ. ಬೆಂಗಳೂರು, ಹಾಸನ, ಚಿಕ್ಕಮಗಳೂರುಗಳ ನೆಂಟರಿಷ್ಟರು ಕರಾವಳಿಯ ಪ್ರವಾಸಕ್ಕೆ ದಾರಿ ಹೇಳಿಕೊಡಬೇಕೆನ್ನುತ್ತಾರೆ. ಚಾರ್ಮಾಡಿ ಘಟ್ಟವನ್ನು ಇಳಿದು ಬರುವವರಿಗೆ ಮುಂಡಾಜೆ ಕೆಳಸೀಮೆಯ ಮೊದಮೊದಲ ಊರುಗಳಲ್ಲಿ ಒಂದು. ಆದುದರಿಂದ ಕಡಲಿನ ವಿಚಾರವೆಲ್ಲ ನಮಗೆ ತಿಳಿದಿರಲೇಬೇಕೆಂದು ಅವರ ನಂಬಿಕೆ. ಅವರು ಕಳುಹಿಸುವ ಪಟ್ಟಿಗಳು ಒಂದಕ್ಕಿಂತ ಒಂದು ಉದ್ದ. ಸೋಮೇಶ್ವರ, ಪಣಂಬೂರು, ಪಡುಬಿದ್ರಿ, ಕಾಪು, ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ, ಕಾರವಾರ. ನಡುವೆ ಎರಡು ರಾತ್ರಿ ಮರಳಿನ ಮೇಲೆ ಡೇರೆ. ಸಾಧ್ಯವಾದರೆ ಒಂದೆರಡು ಜಲಪಾತ. ಇಷ್ಟಕ್ಕೆಲ್ಲ ಅವರಿಗಿರುವ ಅವಧಿ ಮೂರು ದಿನ.

ಈ ಉತ್ಸಾಹವನ್ನು ನಾನು ಹಳಿಯಲಾರೆ. ವರ್ಷವಿಡೀ ಕಚೇರಿಯ ಗೋಡೆಯನ್ನು ನೋಡಿದ ಕಣ್ಣು ದಿಗಂತವನ್ನು ಬಯಸುವುದು ಸಹಜ. ಆದರೆ ತೀರಗಳ ಹೆಸರನ್ನು ಸಾಲಾಗಿ ಬರೆದ ಮಾತ್ರಕ್ಕೆ ಅದು ಪ್ರವಾಸದ ಯೋಜನೆಯಾಗುವುದಿಲ್ಲವೆಂಬುದನ್ನು ಹೇಳದೆ ಇರಲಾರೆ. ಹೆದ್ದಾರಿಯ ಒಂದು ಬದಿಯಲ್ಲಿ ಮೋಟಾರು ನಿಲ್ಲಿಸಿ, ಅಲೆಗೆ ಬೆನ್ನು ಕೊಟ್ಟು ಚಿತ್ರ ತೆಗೆಸಿಕೊಂಡು ಮುಂದಿನ ತೀರಕ್ಕೆ ಓಡಿದರೆ ಒಂಬತ್ತು ಕಡೆ ಕಾಣುವುದು ಒಂದೇ ಕಡಲು. ಕರಾವಳಿಯನ್ನು ನೋಡಬೇಕೆನ್ನುವವರು ತೀರಗಳನ್ನು ಎಣಿಸುವುದನ್ನು ಬಿಟ್ಟು ಅಳಿವೆಗಳನ್ನು ಎಣಿಸಬೇಕು. ನದಿಯು ಕಡಲನ್ನು ಸೇರುವ ಬಾಯಿಗೆ ನಮ್ಮವರು ಇಟ್ಟ ಹೆಸರು ಅದು. ಹಾಗೆ ಎಣಿಸಲು ಹೊರಟವನ ಪ್ರವಾಸ ಕಡಲ ತಡಿಯಲ್ಲಿ ಆರಂಭವಾಗುವುದಿಲ್ಲ. ಘಟ್ಟದ ತಿರುವುಗಳಲ್ಲಿಯೇ ಆರಂಭವಾಗುತ್ತದೆ.

ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಚಾರ್ಮಾಡಿಯ ಕಡೆಯಿಂದ ಇಳಿದು ಬರುವ ಮೃತ್ಯುಂಜಯ ಹೊಳೆ ಮುಂಡಾಜೆಯ ತೋಟಗಳ ಬದಿಯಿಂದ ಹಾದು ಕಲ್ಮಂಜದ ಪಜಿರಡ್ಕದಲ್ಲಿ ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು, ಬಂಟ್ವಾಳವನ್ನು ಬಳಸಿ, ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಮಂಗಳೂರು ನಗರಕ್ಕೆ ಕುಡಿಯುವ ನೀರನ್ನು ಕೊಟ್ಟು, ಬೆಂಗ್ರೆಯ ಬಳಿ ಕಡಲನ್ನು ಸೇರುತ್ತದೆ. ಇನ್ನೊಂದು ಹೊಳೆ ಫಲ್ಗುಣಿ. ಅದು ವೇಣೂರಿನ ಮಗ್ಗುಲಲ್ಲಿ ಹರಿದು, ಮೂಡುಬಿದಿರೆಯ ಸೀಮೆಯನ್ನು ದಾಟಿ, ಗುರುಪುರದ ಹೆಸರನ್ನು ಹೊತ್ತು ಅದೇ ಅಳಿವೆಗೆ ಬರುತ್ತದೆ. ಗುರುವಾಯನಕೆರೆಯಲ್ಲಿ ನಮ್ಮ ರಸ್ತೆ ಕವಲೊಡೆಯುತ್ತದೆ: ಒಂದು ಕವಲು ಬಂಟ್ವಾಳದ ಮೇಲೆ, ಇನ್ನೊಂದು ವೇಣೂರು ಮೂಡುಬಿದಿರೆಗಳ ಮೇಲೆ. ಎರಡು ಹೊಳೆ, ಎರಡು ದಾರಿ, ಅಳಿವೆ ಒಂದೇ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಹಿಂತಿರುಗುವವನಿಗೆ ನಾಡಿನ ಈ ಭಾಗ ಹೇಗೆ ಹೆಣೆದುಕೊಂಡಿದೆಯೆಂಬುದು ಯಾರೂ ಹೇಳಿಕೊಡದೆಯೇ ಅರ್ಥವಾಗುತ್ತದೆ.

ಹೊಳೆಯನ್ನು ಅನುಸರಿಸಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಘಟ್ಟದ ಮೇಲೆ ಗುಡ್ಡಗಳು ಜಾರಿದವು. ಚಾರ್ಮಾಡಿಯ ರಸ್ತೆ ಹಲವೆಡೆ ಕುಸಿಯಿತು. ಮೃತ್ಯುಂಜಯ ಹೊಳೆ ಮರದ ದಿಮ್ಮಿಗಳನ್ನೂ ಬಂಡೆಗಳನ್ನೂ ಉರುಳಿಸಿಕೊಂಡು ಬಂದು ಈ ಸೀಮೆಯ ಅಡಕೆ ತೋಟಗಳಲ್ಲಿ ಮರಳನ್ನು ತುಂಬಿತು. ತಲೆಮಾರುಗಳಿಂದ ಬೆಳೆಸಿದ ತೋಟ ಒಂದು ಹಗಲಿನಲ್ಲಿ ಮರಳಿನ ಬಯಲಾದುದನ್ನು ಕಂಡವರು ಇಲ್ಲಿದ್ದಾರೆ. ಆ ಮರಳು ಎಲ್ಲಿಗೆ ಹೊರಟಿತ್ತು? ಕಡಲ ತೀರಕ್ಕೆ. ಪ್ರವಾಸಿಯು ಬಟ್ಟೆ ಹಾಸಿ ಮಲಗುವ ಮರಳಿನ ಬಹುಪಾಲು ಘಟ್ಟದ ಬಂಡೆ ಸವೆದು, ಹೊಳೆಯಲ್ಲಿ ಉರುಳಿ, ಅಳಿವೆಯಲ್ಲಿ ಇಳಿದು, ಅಲೆಗಳಿಂದ ದಡಕ್ಕೆ ಬಂದದ್ದು. ಅಣೆಕಟ್ಟುಗಳು ಅದನ್ನು ತಡೆಹಿಡಿದರೆ, ನದಿಯ ಪಾತ್ರದಿಂದ ಲಾರಿಗಟ್ಟಲೆ ಮರಳನ್ನು ಎತ್ತಿದರೆ, ಅಳಿವೆಯ ಬಾಯಲ್ಲಿ ಕಲ್ಲಿನ ದಂಡೆಗಳು ಅದರ ಓಟವನ್ನು ತಿರುಗಿಸಿದರೆ, ತೀರ ಹಸಿಯುತ್ತದೆ. ಹಸಿದ ಕಡಲು ದಡವನ್ನು ತಿನ್ನುತ್ತದೆ. ಉಳ್ಳಾಲದ ಆಸುಪಾಸಿನಲ್ಲಿ ಮಳೆಗಾಲ ಬಂದಾಗಲೆಲ್ಲ ತೆಂಗಿನ ಮರಗಳೂ ಮನೆಗಳೂ ಅಲೆಯ ಬಾಯಿಗೆ ಬೀಳುವ ಸುದ್ದಿಯನ್ನು ನಾವು ಓದುತ್ತಿದ್ದೇವೆ. ಗುಡ್ಡ, ತೋಟ, ತೀರ ಈ ಮೂರನ್ನೂ ಒಂದೇ ಪ್ರವಾಸದಲ್ಲಿ ನೋಡಿದವನಿಗೆ ಆ ಸುದ್ದಿ ಬೇರೆ ಯಾರದೋ ಊರಿನ ಸುದ್ದಿಯೆನಿಸದು.

ಮಂಗಳೂರಿನಿಂದ ಉತ್ತರಕ್ಕೆ ಕಾರವಾರದವರೆಗೆ ಹೆದ್ದಾರಿ ಸುಮಾರು ೨೭೦ ಕಿಲೋಮೀಟರು. ಅದು ದಾಟುವ ನೀರುಗಳನ್ನು ಒಮ್ಮೆ ಹೆಸರಿಸಿ ನೋಡಿ: ಕೂಳೂರಿನಲ್ಲಿ ಫಲ್ಗುಣಿ, ಮುಲ್ಕಿಯಲ್ಲಿ ಶಾಂಭವಿ, ಉದ್ಯಾವರದ ಹೊಳೆ, ಕಲ್ಯಾಣಪುರದಲ್ಲಿ ಸ್ವರ್ಣಾ, ಆಮೇಲೆ ಸೀತಾ, ಕುಂದಾಪುರದಲ್ಲಿ ಐದು ನದಿಗಳು ಕೂಡಿದ ಪಂಚಗಂಗಾವಳಿ, ಹೊನ್ನಾವರದಲ್ಲಿ ಶರಾವತಿ, ಕುಮಟೆಯ ಆಚೆ ಅಘನಾಶಿನಿ, ಅಂಕೋಲೆಗೆ ಮುನ್ನ ಗಂಗಾವಳಿ, ಕೊನೆಗೆ ಕಾಳಿ. ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿಯೊಂದು ಕಡವಿನಲ್ಲಿಯೂ ದೋಣಿಗಾಗಿ ಕಾಯಬೇಕಾಗಿತ್ತು. ಕಾಯುವುದು ಕಷ್ಟವೇ ನಿಜ. ಆದರೆ ಕಾಯುವವನು ನೀರಿನ ಏರಿಳಿತವನ್ನು ನೋಡುತ್ತಿದ್ದ, ದೋಣಿಯವನ ಮಾತನ್ನು ಕೇಳುತ್ತಿದ್ದ. ಇಂದು ಒಂದು ನಿಮಿಷದೊಳಗೆ ಸೇತುವೆ ಹಿಂದೆ ಸರಿಯುತ್ತದೆ. ದಾಟಿದ್ದು ಯಾವ ಹೊಳೆಯೆಂದು ಕೇಳಿದರೆ ಮೋಟಾರಿನಲ್ಲಿದ್ದವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಈ ಅಳಿವೆಗಳಲ್ಲಿ ಒಂದೊಂದರದೂ ಒಂದೊಂದು ಸ್ವಭಾವ. ಮರವಂತೆಯಲ್ಲಿ ಸೌಪರ್ಣಿಕೆ ಕಡಲಿನ ಮಗ್ಗುಲಿಗೇ ಬರುತ್ತದೆ; ನಡುವೆ ರಸ್ತೆಯೂ ಮರಳೂ ಮಾತ್ರ. ಆದರೂ ಅಲ್ಲಿ ಕಡಲನ್ನು ಸೇರದೆ, ತಿರುಗಿ ಹೋಗಿ ಗಂಗೊಳ್ಳಿಯಲ್ಲಿ ಸೇರುತ್ತದೆ. ಶರಾವತಿಯನ್ನೂ ಕಾಳಿಯನ್ನೂ ಅಣೆಕಟ್ಟುಗಳು ಹಿಡಿದಿವೆ. ಅಘನಾಶಿನಿ ಮಾತ್ರ ದೊಡ್ಡ ಅಣೆಕಟ್ಟಿನ ಹಂಗಿಲ್ಲದೆ ಹರಿಯುತ್ತದೆ. ಅದರ ಅಳಿವೆಯ ಗಜನಿಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕೆಸರಿನಲ್ಲಿ ಚಿಪ್ಪುಮೀನು ಹೆಕ್ಕಿ ಬದುಕುವ ಕುಟುಂಬಗಳಿವೆ. ೨೦೨೪ರ ಜನವರಿಯಲ್ಲಿ ಅದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಜಗತ್ತಿನ ಮುಖ್ಯ ಜೌಗು ನೆಲಗಳಲ್ಲಿ ಒಂದೆನಿಸಿತು. ತರುಣ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನವರ ಮನೆಯಲ್ಲಿ ತಂಗಿದ್ದಾಗ ಒಂದು ಬೆಳದಿಂಗಳ ರಾತ್ರಿ ಕಾಳಿನದಿಯಲ್ಲಿ ದೋಣಿಯ ಮೇಲೆ ಹೋಗಿಬಂದುದನ್ನು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವನ್ನು ಅವರು ಬರೆದುದು ಆ ವಾಸ್ತವ್ಯದಲ್ಲಿಯೇ. ಅವರು ಅಲ್ಲಿ ತಂಗಿದ್ದರು, ಹಾದು ಹೋಗಲಿಲ್ಲ.

ಇನ್ನು ಕಾಲದ ವಿಚಾರ. ಮಳೆಗಾಲದ ಕಡಲು ರುದ್ರರಮಣೀಯವೆಂದು ಕೇಳಿ ಜುಲೈ ತಿಂಗಳಿನಲ್ಲಿಯೇ ಹೊರಡುವವರಿದ್ದಾರೆ. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ, ೬೧ ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆಯಿಂದ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಕಡಲನ್ನೇ ನಂಬಿ ಬದುಕುವವರು ದಡದಲ್ಲಿ ಕುಳಿತಿರುವಾಗ ಈಜು ಬಾರದ ಪ್ರವಾಸಿಗೆ ನೀರಿನಲ್ಲಿ ಏನು ಕೆಲಸ? ರಸ್ತೆಯೂ ಆಗ ನಂಬಿಕೆಗೆ ಯೋಗ್ಯವಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು, ಬದಿಯ ಚಹದಂಗಡಿಯನ್ನೂ ಅಲ್ಲಿ ನಿಂತಿದ್ದವರನ್ನೂ ಗಂಗಾವಳಿಗೆ ನೂಕಿತು. ನದಿಯಲ್ಲಿ ಮುಳುಗಿದ ಲಾರಿಯೊಂದನ್ನು ಮೇಲೆತ್ತಲು ಎರಡು ತಿಂಗಳಿಗೂ ಮೀರಿ ಬೇಕಾಯಿತು. ಮುಂದಿನ ತಿಂಗಳು, ಆಗಸ್ಟ್ ೭ರ ನಡುರಾತ್ರಿ ಕಳೆದ ಮೇಲೆ, ಕಾರವಾರದ ಕಾಳಿನದಿಯ ಹಳೆಯ ಸೇತುವೆ ಮುರಿದು ಬಿದ್ದಿತು. ಗುಡ್ಡವನ್ನು ಕಡಿದು ಅಗಲ ಮಾಡಿದ ರಸ್ತೆಯ ಬುಡದಲ್ಲಿ ಮಳೆಯ ದಿನ ಮೋಟಾರು ನಿಲ್ಲಿಸಬಾರದು. ಘಟ್ಟದ ತಿರುವಿನಲ್ಲಿ ಜಲಪಾತ ಕಂಡಿತೆಂದು ಪಾಚಿಗಟ್ಟಿದ ಬಂಡೆಯನ್ನು ಹತ್ತಬಾರದು. ಇದು ಅಂಜುಬುರುಕತನವಲ್ಲ, ನೆಲದ ಸ್ವಭಾವವನ್ನು ಅರಿತವನ ನಡೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಅವಧಿಯೇ ಈ ದಾರಿಗೆ ಒಳ್ಳೆಯ ಕಾಲ.

ಹಾಗೆಂದು ಒಳ್ಳೆಯ ಕಾಲದಲ್ಲಿ ಕಡಲು ಸಾಧುವಾಗುತ್ತದೆಂದು ತಿಳಿಯುವಂತಿಲ್ಲ. ೨೦೨೪ರ ಡಿಸೆಂಬರಿನಲ್ಲಿ, ಆಕಾಶ ತಿಳಿಯಾಗಿರಬೇಕಾದ ಋತುವಿನಲ್ಲಿ, ಶಾಲೆಯ ಪ್ರವಾಸಕ್ಕೆ ಬಂದ ನಾಲ್ವರು ಬಾಲಕಿಯರು ಮುರುಡೇಶ್ವರದ ತೀರದಲ್ಲಿ ನೀರುಪಾಲಾದರು. ದಡಕ್ಕೆ ಬಂದ ಅಲೆಯ ನೀರು ಕೆಲವೆಡೆ ಒಂದೇ ಓಣಿಯಲ್ಲಿ ವೇಗವಾಗಿ ಹಿಂದಕ್ಕೆ ಸೆಳೆಯುತ್ತದೆ. ಮೇಲೆ ನೋಡಿದರೆ ಆ ಜಾಗ ಶಾಂತವಾಗಿಯೇ ಕಾಣುತ್ತದೆ. ಹೊರಗಿನವನ ಕಣ್ಣಿಗೆ ಅದು ತಿಳಿಯದು. “ಇವತ್ತು ಕಡಲು ಸರಿ ಇಲ್ಲ ಮಾರಾಯ್ರೆ” ಎಂದು ಬಲೆ ಹೆಣೆಯುತ್ತ ಕುಳಿತ ಮೊಗವೀರರು ಹೇಳಿದರೆ ಮರುಮಾತಾಡದೆ ಹಿಂದಿರುಗಬೇಕು. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ ೨೦೨೦ರಲ್ಲಿ ನೀಲಿ ಬಾವುಟದ ಮನ್ನಣೆ ದೊರೆಯಿತು. ಆ ಮನ್ನಣೆ ಕೇಳುವ ಗುಣಗಳಲ್ಲಿ ನೀರಿನ ನೈರ್ಮಲ್ಯದಷ್ಟೇ ಜೀವರಕ್ಷಣೆಯ ಏರ್ಪಾಡೂ ಮುಖ್ಯ. ಮಕ್ಕಳೊಡನೆ ನೀರಿಗಿಳಿಯುವವರು ರಕ್ಷಕರು ಇರುವ ಕಡೆಯಲ್ಲಿ, ಅವರು ಗುರುತಿಸಿದ ಎಲ್ಲೆಯೊಳಗೆ ಮಾತ್ರ ಇಳಿಯಲಿ.

ಡೇರೆ ಹಾಕುವವರಿಗೆ ಒಂದು ಮಾತು. ಕಡಲ ತೀರ ಯಾರದೂ ಅಲ್ಲದ ಬಯಲಿನಂತೆ ಕಾಣುತ್ತದೆ. ನಿಜವಾಗಿ ಅದು ಬೇರೊಬ್ಬರ ಅಂಗಳ. ಅಲ್ಲಿ ಬೂತಾಯಿ ಒಣಗುತ್ತದೆ, ಬಲೆ ಹರಡಿರುತ್ತದೆ, ನಸುಕಿನಲ್ಲಿ ಕೈರಂಪಣಿಯನ್ನು ಎಳೆಯಲು ಜನ ಸೇರುತ್ತಾರೆ. ನಮ್ಮ ಮನೆಯ ಅಡಕೆ ಒಣಗಿಸುವ ಅಂಗಳದಲ್ಲಿ ಯಾರಾದರೂ ಕೇಳದೆ ಡೇರೆ ಹಾಕಿದರೆ ನಮಗೆ ಏನೆನಿಸೀತು? ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುವುದೂ ಈ ಮರಳಿಗೇ. ಮೊಟ್ಟೆಯೊಡೆದ ಮರಿಗಳು ನೀರಿನ ಮೇಲಣ ಮಂದ ಬೆಳಕನ್ನು ನಂಬಿ ಕಡಲಿನತ್ತ ಸಾಗುತ್ತವೆ. ದಡದಲ್ಲಿ ಬೆಂಕಿಯೋ ದೀಪವೋ ಉರಿದರೆ ದಾರಿ ತಪ್ಪಿ ನೆಲದ ಕಡೆಗೆ ಹರಿದು ಸಾಯುತ್ತವೆ. ನೇರಳೆ ಹೂ ಬಿಡುವ ಅಡುಂಬು ಬಳ್ಳಿ ಮರಳದಿಬ್ಬವನ್ನು ಹಿಡಿದು ನಿಲ್ಲಿಸುತ್ತದೆ; ಅದನ್ನು ಕಿತ್ತು ಜಾಗ ಹಸನು ಮಾಡುವುದು ದಡವನ್ನು ಅಲೆಗೆ ಒಪ್ಪಿಸಿದಂತೆ. ಆದುದರಿಂದ ತೀರದ ಹಿಂದಿನ ತೆಂಗಿನ ತೋಟದಲ್ಲಿ, ಒಡೆಯರ ಒಪ್ಪಿಗೆ ಪಡೆದು, ಕೊಡಬೇಕಾದ ಹಣವನ್ನು ಕೊಟ್ಟು ತಂಗುವುದು ಮೇಲು. ಅಲೆಯ ಸದ್ದು ಅಲ್ಲಿಗೂ ಕೇಳುತ್ತದೆ.

“ಇದೆಲ್ಲ ಸರಿ, ಆದರೆ ನಮಗಿರುವುದು ಮೂರೇ ದಿನ” ಎಂಬ ಆಕ್ಷೇಪ ಬಂದೇ ಬರುತ್ತದೆ. ಅದು ನ್ಯಾಯವಾದ ಆಕ್ಷೇಪವೇ. ನೌಕರಿಯಲ್ಲಿರುವವನಿಗೆ ತಿಂಗಳುಗಟ್ಟಲೆ ಅಲೆಯುವ ಭಾಗ್ಯವಿಲ್ಲ. ನನ್ನ ಸಲಹೆಯೂ ಮೂರು ದಿನದ್ದೇ. ಮೊದಲ ದಿನ ಹಗಲಿನಲ್ಲಿಯೇ ಘಟ್ಟವಿಳಿಯಿರಿ. ಪಜಿರಡ್ಕದ ಸಂಗಮದಲ್ಲಿ ತುಸು ಹೊತ್ತು ನಿಲ್ಲಿರಿ. ಬಂಟ್ವಾಳದಲ್ಲಿ ೧೯೨೩ರ ಮತ್ತು ೧೯೭೪ರ ನೆರೆಯ ವಿಚಾರವನ್ನು ಹಿರಿಯರಲ್ಲಿ ಕೇಳಿರಿ. ಸಂಜೆ ಮಂಗಳೂರಿನ ಹಳೆಯ ಬಂದರಿನಿಂದ ದೋಣಿಯಲ್ಲಿ ಬೆಂಗ್ರೆಗೆ ದಾಟಿ ಎರಡು ಹೊಳೆಗಳ ಅಳಿವೆಯನ್ನು ನೋಡಿರಿ. ಎರಡನೆಯ ದಿನ ಉತ್ತರಕ್ಕೆ ಹೊರಟು, ೧೯೦೧ರಿಂದ ಕಡಲಿಗೆ ಬೆಳಕು ತೋರುತ್ತಿರುವ ಕಾಪುವಿನ ದೀಪಸ್ತಂಭದಲ್ಲಿ ನಿಂತು, ಮರವಂತೆಯಲ್ಲಿ ರಾತ್ರಿ ತಂಗಿರಿ. ಮೂರನೆಯ ದಿನ ಬೆಳಗಿನ ಹೊತ್ತನ್ನು ಅಲ್ಲಿಯೇ ಕಳೆದು ಉಡುಪಿ, ಕಾರ್ಕಳ, ಮೂಡುಬಿದಿರೆ, ವೇಣೂರುಗಳ ಮೇಲೆ ಹಿಂತಿರುಗಿರಿ. ಕಾರ್ಕಳದ ೧೪೩೨ರ ಗೊಮ್ಮಟನೂ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯೂ, ಫಲ್ಗುಣಿಯ ದಡದಲ್ಲಿ ೧೬೦೪ರಿಂದ ನಿಂತ ವೇಣೂರಿನ ಗೊಮ್ಮಟನೂ ಇರುವುದು ದಾರಿಯಲ್ಲಿಯೇ. ಹಗಲು ಸಾಲದೆ ಬಂದರೆ ಘಟ್ಟವನ್ನು ಮರುದಿನ ಬೆಳಗ್ಗೆ ಹತ್ತಿರಿ. ಮುರುಡೇಶ್ವರ, ಗೋಕರ್ಣ, ಕಾರವಾರಗಳನ್ನು ಈ ಸಲ ಬಿಟ್ಟುಬಿಡಿ. ಅಘನಾಶಿನಿಗೆ ಇನ್ನೊಂದು ರಜೆಯ ಮೂರು ದಿನಗಳನ್ನು ಮೀಸಲಿಡಬಹುದು.

ಪ್ರವಾಸಿಗಳಿಂದ ಕರಾವಳಿಗೆ ಅನ್ನ ದೊರೆಯುತ್ತದೆಂಬುದನ್ನು ನಾನು ಬಲ್ಲೆ. ದೋಣಿ ದಾಟಿಸುವವರು, ಎಳನೀರು ಮಾರುವವರು, ಬಾಳೆಯೆಲೆಯ ಮೇಲೆ ಕುಚ್ಚಲಕ್ಕಿ ಅನ್ನ ಬಡಿಸುವ ಚಿಕ್ಕ ಹೋಟೆಲಿನವರು, ಇವರೆಲ್ಲ ಬರುವವರ ದಾರಿ ಕಾಯುತ್ತಾರೆ. ಆದರೆ ಒಂದೇ ದಿನದಲ್ಲಿ ಒಂಬತ್ತು ತೀರಗಳಿಗೆ ಓಡುವವನು ಇವರಲ್ಲಿ ಯಾರ ಬಳಿಯೂ ನಿಲ್ಲುವುದಿಲ್ಲ. ಪೆಟ್ರೋಲಿನ ಬಂಕಿಗೆ ಹಣ ಕೊಟ್ಟು, ಮರಳಿಗೆ ಕಸ ಕೊಟ್ಟು ಹೋಗುತ್ತಾನೆ. ನಿಂತವನು ಮಾತ್ರ ಕೊಡಬಲ್ಲ, ಕೊಂಡುಹೋಗಲೂಬಲ್ಲ. ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಮುಕ್ಕಾಲು ಪಾಲನ್ನು ಹೊರಡುವ ಮುನ್ನವೇ ಹೊಡೆದುಹಾಕುವ ಧೈರ್ಯವುಳ್ಳವರಿಗೆ ಘಟ್ಟದ ಹನಿ ಕಡಲಿನ ಉಪ್ಪಾಗುವ ದಾರಿಯನ್ನು ಉದ್ದಕ್ಕೂ ನೋಡುವ ಸಂತೋಷ ಕಾದಿದೆ.